ಮಾನಿಟರ್ ಬಣ್ಣ ಸರಿ ಮಾಡಿ ಪ್ರಿಂಟ್‌ಗೆ ಹೊಂದಿಸುವುದು ಹೇಗೆ: ಒಂದೊಂದೇ ಹಂತ

"ಸ್ಕ್ರೀನ್ ಮೇಲೆ ಚೆನ್ನಾಗಿತ್ತು, ಪ್ರಿಂಟ್ ಕಪ್ಪಾಗಿ ಬಂತು." ಮದುವೆ ಆಲ್ಬಮ್ ಮಾಡುವವರಿಂದ ಹಿಡಿದು ಮನೆಯಲ್ಲೇ ಇಂಕ್‌ಜೆಟ್ ಇಟ್ಟುಕೊಂಡವರವರೆಗೆ ಎಲ್ಲರದ್ದೂ ಇದೇ ದೂರು. ಇದಕ್ಕೆ ಹೆಚ್ಚಿನವರು ಮಾಡುವ ಉಪಾಯವೂ ಒಂದೇ ಥರ. ಫೋಟೋ ಸ್ವಲ್ಪ ಬ್ರೈಟ್ ಮಾಡಿ ಮತ್ತೆ ಲ್ಯಾಬ್‌ಗೆ ಕಳಿಸುತ್ತಾರೆ. ಇಲ್ಲವೇ ಪ್ರಿಂಟ್ ಕೈಯಲ್ಲಿ ಹಿಡಿದು, ಸ್ಕ್ರೀನ್ ಅದೇ ಥರ ಕಾಣುವವರೆಗೆ ಮಾನಿಟರ್ ಬಟನ್ ಒತ್ತುತ್ತಾರೆ. ಆ ಒಂದು ಫೋಟೋ ಹೇಗೋ ಪಾಸಾಗುತ್ತದೆ. ಮುಂದಿನ ಫೋಟೋ ಕೈಕೊಡುತ್ತದೆ.

ಸ್ಕ್ರೀನ್ ಬಣ್ಣ ಅಳೆದು ಸರಿ ಮಾಡುವ ಉಪಕರಣ, ಅಂದರೆ ಕ್ಯಾಲಿಬ್ರೇಟರ್ ಕೊಂಡವರಿಗೂ ಇದೇ ಗತಿ ಆಗುವುದುಂಟು. ಅದನ್ನು ಸ್ಕ್ರೀನ್ ಮೇಲೆ ನೇತುಹಾಕಿ "ನೆಕ್ಸ್ಟ್, ನೆಕ್ಸ್ಟ್" ಒತ್ತಿ ಮುಗಿಸುತ್ತಾರೆ. ಅದಕ್ಕಿಂತ ಮೊದಲು ಮಾಡಬೇಕಾದ ನಾಲ್ಕು ಕೆಲಸ ಉಳಿದೇ ಹೋಗಿರುತ್ತದೆ. ಈ ಕೆಲಸದಲ್ಲಿ ಕ್ರಮವೇ ಮುಖ್ಯ. ಕೋಣೆಯ ಬೆಳಕು, ಮಾನಿಟರ್‌ನ ಸೆಟ್ಟಿಂಗ್, ಬ್ರೈಟ್‌ನೆಸ್, ಅಳತೆ, ಪ್ರೂಫ್ (ಪ್ರಿಂಟ್ ಹೇಗೆ ಬರುತ್ತದೆ ಅಂತ ಸ್ಕ್ರೀನ್ ಮೇಲೆ ಮೊದಲೇ ನೋಡುವುದು), ಕೊನೆಗೆ ಪ್ರಿಂಟ್. ಹಿಂದಿನ ಹಂತ ಸರಿಯಾಗದೆ ಮುಂದಿನದಕ್ಕೆ ಹೋದರೆ, ತಪ್ಪು ಎಲ್ಲಿದೆ ಅಂತ ಆಮೇಲೆ ಹುಡುಕಲು ಆಗುವುದಿಲ್ಲ.

## ಏನೇನು ಬೇಕು

ಕಲರಿಮೀಟರ್. ಸ್ಕ್ರೀನ್ ಮೇಲೆ ಇಟ್ಟು ಬಣ್ಣ ಅಳೆಯುವ ಚಿಕ್ಕ ಉಪಕರಣ, ಮೇಲೆ ಹೇಳಿದ ಕ್ಯಾಲಿಬ್ರೇಟರ್ ಇದೇ. ಡೇಟಾಕಲರ್ ಕಂಪನಿಯ ಸ್ಪೈಡರ್ ಸರಣಿ ಅಥವಾ ಕ್ಯಾಲಿಬ್ರೈಟ್ ಕಂಪನಿಯ ಡಿಸ್‌ಪ್ಲೇ ಸರಣಿ, ಯಾವುದಾದರೂ ಆಗುತ್ತದೆ. ಹಳೆಯ ಐ1 ಡಿಸ್‌ಪ್ಲೇ ಪ್ರೋ ಸಿಕ್ಕರೆ ಅದೂ ಒಳ್ಳೆಯದೇ. ತಿಂಗಳಿಗೊಮ್ಮೆ ಬೇಕಾಗುವ ವಸ್ತು ಇದು. ಗೊತ್ತಿರುವ ಮೂರ್ನಾಲ್ಕು ಸ್ಟುಡಿಯೋದವರು ಸೇರಿ ಒಂದನ್ನೇ ಕೊಂಡು ಹಂಚಿಕೊಂಡರೂ ನಡೆಯುತ್ತದೆ.

ಸಾಫ್ಟ್‌ವೇರ್. ಉಪಕರಣದ ಜೊತೆ ಬರುವುದು ಸಾಕು. ಹೆಚ್ಚು ಹಿಡಿತ ಬೇಕೆಂದರೆ ಡಿಸ್‌ಪ್ಲೇಕ್ಯಾಲ್ ಇದೆ. ಅದು ಉಚಿತ, ಒಳಗೆ ಆರ್ಗಿಲ್‌ಸಿಎಂಎಸ್ ಅನ್ನುವ ಇನ್ನೊಂದು ಉಚಿತ ಪ್ರೋಗ್ರಾಮ್ ಅಳತೆಯ ಕೆಲಸ ಮಾಡುತ್ತದೆ. ಹಳೆಯ ಉಪಕರಣದ ಸಾಫ್ಟ್‌ವೇರ್ ಹೊಸ ವಿಂಡೋಸ್‌ನಲ್ಲಿ ಓಡದಿದ್ದಾಗಲೂ ಇದು ಅನೇಕ ಸಲ ಕೈಹಿಡಿಯುತ್ತದೆ.

ತಕ್ಕಮಟ್ಟಿನ ಮಾನಿಟರ್. ಐಪಿಎಸ್ ಪ್ಯಾನೆಲ್ (ಪಕ್ಕದಿಂದ ನೋಡಿದರೂ ಬಣ್ಣ ಅಷ್ಟಾಗಿ ಬದಲಾಗದ ಬಗೆ) ಇರಲಿ, ಎಸ್‌ಆರ್‌ಜಿಬಿ (ಫೋಟೋಗಳಿಗೆ ಸಾಮಾನ್ಯವಾಗಿ ಬಳಸುವ ಬಣ್ಣದ ವ್ಯಾಪ್ತಿ) ಬಣ್ಣಗಳನ್ನು ಪೂರ್ತಿ ತೋರಿಸುವಂತಿರಲಿ. ಕಡಿಮೆ ಬೆಲೆಯ ಲ್ಯಾಪ್‌ಟಾಪ್‌ಗಳ ವಿವರದಲ್ಲಿ "45 ಪರ್ಸೆಂಟ್ ಎನ್‌ಟಿಎಸ್‌ಸಿ" ಅಂತ ಇರುತ್ತದೆ. ಎನ್‌ಟಿಎಸ್‌ಸಿ ಬಣ್ಣದ ವ್ಯಾಪ್ತಿಯ ಇನ್ನೊಂದು ಹಳೆಯ ಅಳತೆಗೋಲು. ಅದರ 45 ಪರ್ಸೆಂಟ್ ಅಂದರೆ ಎಸ್‌ಆರ್‌ಜಿಬಿಯ ಮೂರನೇ ಎರಡು ಭಾಗದಷ್ಟೂ ಇಲ್ಲ. ಕ್ಯಾಲಿಬ್ರೇಷನ್ ಮಾಡಿದರೆ ಅದರ ಬಣ್ಣದ ವ್ಯಾಪ್ತಿ ದೊಡ್ಡದಾಗುವುದಿಲ್ಲ. ಆಲ್ಬಮ್ ಕೆಲಸಕ್ಕೆ ಅದನ್ನು ನಂಬಬೇಡಿ.

ಪ್ರಿಂಟ್ ನೋಡಲು ಒಂದು ಲೈಟ್. 5000 ಕೆಲ್ವಿನ್ (ಬೆಳಕಿನ ಛಾಯೆಯ ಅಳತೆ, ಅಂಕಿ ಏರಿದಷ್ಟೂ ನೀಲಿ ಕಡೆ), ಸಿಆರ್‌ಐ (ಆ ಬೆಳಕಿನಲ್ಲಿ ಬಣ್ಣ ಎಷ್ಟು ಸಹಜವಾಗಿ ಕಾಣುತ್ತದೆ ಅನ್ನುವ ಅಂಕಿ) 90ಕ್ಕಿಂತ ಜಾಸ್ತಿ. ಮಾಮೂಲಿ ಎಲ್‌ಇಡಿ ಟ್ಯೂಬ್‌ಗಳು 6500 ಕೆಲ್ವಿನ್ ಇರುತ್ತವೆ, ಸಿಆರ್‌ಐ 80ರ ಸುತ್ತಮುತ್ತ. ಅದರ ಕೆಳಗೆ ಕೆಂಪು ಬಣ್ಣ ಮತ್ತು ಚರ್ಮದ ಬಣ್ಣ ಎರಡೂ ಸತ್ತ ಹಾಗೆ ಕಾಣುತ್ತವೆ.

ಇದರ ಜೊತೆ ಮ್ಯಾನುಯಲ್ ಮೋಡ್ ಇರುವ ಕ್ಯಾಮರಾ, ನೀವು ಪ್ರಿಂಟ್ ಹಾಕುವ ಕಾಗದದ ಒಂದೆರಡು ಖಾಲಿ ಹಾಳೆ, ಮತ್ತು ಒಂದು ಟೆಸ್ಟ್ ಚಿತ್ರ ಬೇಕು. ಟೆಸ್ಟ್ ಚಿತ್ರದಲ್ಲಿ ಮುಖಗಳು, ಕಪ್ಪಿನಿಂದ ಬಿಳಿವರೆಗಿನ ಬೂದು ಪಟ್ಟಿ, ಗಾಢ ಕೆಂಪು, ಹಸಿರು, ನೀಲಿ ಎಲ್ಲ ಇರಬೇಕು.

## ಹಂತ 1: ಕೋಣೆ

ಮಾನಿಟರ್ ಮೇಲೆ ಕಿಟಕಿ ಬೆಳಕಾಗಲಿ ಟ್ಯೂಬ್‌ಲೈಟ್ ಆಗಲಿ ನೇರವಾಗಿ ಬೀಳಬಾರದು. ಕಿಟಕಿಗೆ ಬೆನ್ನು ಮಾಡಿ ಕೂತರೆ ಸ್ಕ್ರೀನ್‌ನಲ್ಲಿ ಕಿಟಕಿಯೇ ಕಾಣುತ್ತದೆ. ಕಿಟಕಿಗೆ ಮುಖ ಮಾಡಿದರೆ ಕಣ್ಣು ಕೋರೈಸುತ್ತದೆ. ಪಕ್ಕಕ್ಕೆ ಬರುವ ಹಾಗೆ ಕೂತು, ದಪ್ಪ ಪರದೆ ಎಳೆಯಿರಿ. ಬೆಳಗ್ಗೆಯ ಬೆಳಕು ಬೇರೆ, ಮಳೆಗಾಲದ ಮಧ್ಯಾಹ್ನದ ಬೆಳಕು ಬೇರೆ. ದಿನವಿಡೀ ಒಂದೇ ಥರ ಇರುವ ಮಂದ ಬೆಳಕು ಸಿಗುವಂತೆ ಮಾಡಿಕೊಳ್ಳುವುದೇ ಇಲ್ಲಿನ ಕೆಲಸ.

ಗೋಡೆ ಬಣ್ಣ ನೋಡಿ. ಸ್ಟುಡಿಯೋದಲ್ಲಿ ಗಿಳಿಹಸಿರು ಅಥವಾ ಕಿತ್ತಳೆ ಗೋಡೆ ಇದ್ದರೆ ಆ ಬಣ್ಣ ಸ್ಕ್ರೀನ್ ಮೇಲೂ ನಿಮ್ಮ ಕಣ್ಣಿನ ಮೇಲೂ ಕೆಲಸ ಮಾಡುತ್ತದೆ. ಮಾನಿಟರ್ ಹಿಂದಿನ ಗೋಡೆಗಾದರೂ ಬೂದು ಅಥವಾ ಬಿಳಿ ಬಣ್ಣ ಇರಲಿ. ಕಂಪ್ಯೂಟರ್‌ನ ಡೆಸ್ಕ್‌ಟಾಪ್ ಚಿತ್ರ ತೆಗೆದು ಸಾದಾ ಬೂದು ಬಣ್ಣ ಹಾಕಿ. ಎಡಿಟ್ ಮಾಡುವಾಗ ಕಡುಗೆಂಪು ಅಂಗಿ ಹಾಕಿ ಸ್ಕ್ರೀನ್ ಮುಂದೆ ಕೂರಬೇಡಿ, ಗ್ಲಾಸಿ ಪ್ಯಾನೆಲ್‌ನಲ್ಲಿ ಅದೂ ಹೊಳೆಯುತ್ತದೆ.

## ಹಂತ 2: ತಾನಾಗಿ ಬಣ್ಣ ಬದಲಿಸುವುದನ್ನೆಲ್ಲ ಆಫ್ ಮಾಡಿ

ಅಳತೆ ಮುಗಿದ ಮೇಲೆ ಸಂಜೆ ಏಳಕ್ಕೆ ಸ್ಕ್ರೀನ್ ಹಳದಿಯಾದರೆ ಎಲ್ಲ ಶ್ರಮ ನೀರಿಗೆ ಹೋದ ಹಾಗೆ. ವಿಂಡೋಸ್‌ನಲ್ಲಿ ನೈಟ್ ಲೈಟ್, ಅಡಾಪ್ಟಿವ್ ಬ್ರೈಟ್‌ನೆಸ್, ಎಚ್‌ಡಿಆರ್ ಆಫ್ ಮಾಡಿ. ಮ್ಯಾಕ್‌ನಲ್ಲಿ ಟ್ರೂ ಟೋನ್, ನೈಟ್ ಶಿಫ್ಟ್, ಆಟೋ ಬ್ರೈಟ್‌ನೆಸ್. ರಾತ್ರಿ ಸ್ಕ್ರೀನ್ ಹಳದಿ ಮಾಡುವ ಎಫ್.ಲಕ್ಸ್ ಪ್ರೋಗ್ರಾಮ್ ಹಾಕಿಕೊಂಡಿದ್ದರೆ ಅದನ್ನೂ ತೆಗೆಯಿರಿ.

ಗ್ರಾಫಿಕ್ಸ್ ಕಾರ್ಡ್‌ನ ಕಂಟ್ರೋಲ್ ಪ್ಯಾನೆಲ್ ತೆರೆಯಿರಿ. ಎನ್‌ವಿಡಿಯಾದಲ್ಲಿ ಡಿಜಿಟಲ್ ವೈಬ್ರನ್ಸ್ 50ರಲ್ಲೇ ಇರಬೇಕು. ಮನೆಯಲ್ಲಿ ಮಕ್ಕಳು ಗೇಮ್ ಆಡುವ ಕಂಪ್ಯೂಟರ್ ಆದರೆ ಇದನ್ನು ಮರೆಯದೆ ನೋಡಿ. ಎಚ್‌ಡಿಎಂಐ ಕೇಬಲ್ ಇದ್ದರೆ ಔಟ್‌ಪುಟ್ ರೇಂಜ್ "ಫುಲ್" ಇದೆಯೇ ನೋಡಿ. "ಲಿಮಿಟೆಡ್" ಇದ್ದರೆ ಕಪ್ಪು ಬಣ್ಣ ಬೂದಿ ಬಳಿದ ಹಾಗೆ ಕಾಣುತ್ತದೆ. ಅದನ್ನು ಯಾವ ಕ್ಯಾಲಿಬ್ರೇಟರ್ ಕೂಡ ಸರಿ ಮಾಡುವುದಿಲ್ಲ.

## ಹಂತ 3: ಮಾನಿಟರ್‌ನ ಬಟನ್‌ಗಳು

ಮೊದಲು ಮಾನಿಟರ್ ಆನ್ ಮಾಡಿ ಅರ್ಧ ಗಂಟೆ ಬಿಡಿ. ತಣ್ಣಗಿರುವ ಪ್ಯಾನೆಲ್‌ನ ಬೆಳಕು ಸ್ಥಿರವಾಗಿರುವುದಿಲ್ಲ. ಈ ಅರ್ಧ ಗಂಟೆ ಬಿಟ್ಟುಬಿಟ್ಟು ಆಮೇಲೆ "ಪ್ರತಿ ಸಲ ಬೇರೆ ರಿಸಲ್ಟ್ ಬರುತ್ತೆ" ಅನ್ನುವವರು ಬಹಳ ಜನ.

ಮಾನಿಟರ್ ಮೆನು ತೆರೆದು ಒಮ್ಮೆ ಫ್ಯಾಕ್ಟರಿ ರೀಸೆಟ್ ಮಾಡಿ. ಪಿಕ್ಚರ್ ಮೋಡ್ "ಯೂಸರ್" ಅಥವಾ "ಕಸ್ಟಮ್" ಆಗಲಿ. "ವಿವಿಡ್", "ಮೂವಿ", "ಗೇಮ್" ಬೇಡ. ಡೈನಾಮಿಕ್ ಕಾಂಟ್ರಾಸ್ಟ್, ಇಕೋ ಮೋಡ್, ಶಾರ್ಪ್‌ನೆಸ್ ಹೆಚ್ಚಿಸುವ ಆಯ್ಕೆಗಳು ಎಲ್ಲ ಆಫ್. ಕಾಂಟ್ರಾಸ್ಟ್ ರೀಸೆಟ್ ಆದ ಮೇಲೆ ಎಷ್ಟಿತ್ತೋ ಅಷ್ಟೇ ಇರಲಿ. ಅದನ್ನು ಏರಿಸಿದರೆ ಬಿಳಿ ರೇಷ್ಮೆ ಪಂಚೆಯ ಮಡಿಕೆಗಳೆಲ್ಲ ಒಂದೇ ಬಿಳಿಯಾಗಿ ಹೋಗುತ್ತವೆ. ಗಾಮಾ (ಕಪ್ಪಿನಿಂದ ಬಿಳಿವರೆಗೆ ಬೆಳಕು ಏರುವ ರೀತಿ) 2.2 ಆಯ್ಕೆ ಇದ್ದರೆ ಅದನ್ನು ಆರಿಸಿ.

ಬಣ್ಣದ ತಾಪಮಾನದಲ್ಲಿ ಕೆಂಪು, ಹಸಿರು, ನೀಲಿ ಮೂರನ್ನೂ ಬೇರೆ ಬೇರೆ ತಿದ್ದಲು ಬಿಡುವ ಆಯ್ಕೆ ಇದ್ದರೆ ಅದನ್ನೇ ಹಿಡಿಯಿರಿ. ಈಗ ಏನೂ ತಿದ್ದಬೇಡಿ, ಐದನೇ ಹಂತದಲ್ಲಿ ಸಾಫ್ಟ್‌ವೇರ್ ಕೇಳುತ್ತದೆ.

## ಹಂತ 4: ಬ್ರೈಟ್‌ನೆಸ್

ಪ್ರಿಂಟ್ ಕಪ್ಪಾಗಿ ಬರುವ ದೂರಿಗೆ ಹೆಚ್ಚಿನ ಸಲ ಕಾರಣ ಇಲ್ಲೇ ಇರುತ್ತದೆ. ಹೊಸ ಮಾನಿಟರ್ ಡಬ್ಬದಿಂದ ತೆಗೆದಾಗ 250ರಿಂದ 350 ನಿಟ್ಸ್ (ಸ್ಕ್ರೀನ್ ಬೆಳಕಿನ ಅಳತೆ) ಬೆಳಕು ಕೊಡುತ್ತದೆ. ಅಂಗಡಿಯಲ್ಲಿ ಚೆನ್ನಾಗಿ ಕಾಣಲಿ ಅಂತ ಹಾಗಿಟ್ಟಿರುತ್ತಾರೆ. ಪ್ರಿಂಟ್ ಕೆಲಸಕ್ಕೆ ಬೇಕಾಗಿರುವುದು 80ರಿಂದ 120 ನಿಟ್ಸ್. ಮೂರು ಪಟ್ಟು ಬೆಳಕಿನ ಸ್ಕ್ರೀನ್ ನೋಡಿ ಫೋಟೋ ಎಡಿಟ್ ಮಾಡಿದರೆ, ಅದು ಬ್ರೈಟ್ ಆಗಿದೆ ಅಂತ ನೀವೇ ಕಡಿಮೆ ಮಾಡುತ್ತೀರಿ. ಕಾಗದಕ್ಕೆ ಸ್ವಂತ ಬೆಳಕಿಲ್ಲ, ಹಾಗಾಗಿ ಪ್ರಿಂಟ್ ಕಪ್ಪಾಗಿ ಬರುತ್ತದೆ.

100 ನಿಟ್ಸ್‌ನಿಂದ ಶುರು ಮಾಡಿ. ಕಲರಿಮೀಟರ್ ಇದನ್ನು ಅಳೆದು ಹೇಳುತ್ತದೆ. ಆದರೆ ಕ್ಯಾಮರಾದಿಂದಲೂ ಅಳೆಯಬಹುದು, ಮತ್ತು ಅದರಿಂದ ಇನ್ನೊಂದು ಲಾಭ ಇದೆ. ಹೀಗೆ ಮಾಡಿ:

1. ಸ್ಕ್ರೀನ್ ತುಂಬ ಬರೀ ಬಿಳಿ ತೋರಿಸಿ. ಫೋಟೋಶಾಪ್‌ನಲ್ಲಿ ಬಿಳಿ ಫೈಲ್ ತೆರೆದು ಫುಲ್ ಸ್ಕ್ರೀನ್ ಮಾಡಿದರೆ ಆಯಿತು.
2. ಕ್ಯಾಮರಾ ಮ್ಯಾನುಯಲ್ ಮೋಡ್‌ಗೆ ಹಾಕಿ. ಐಎಸ್‌ಒ 100, ಅಪರ್ಚರ್ ಎಫ್ 5.6, ಶಟರ್ 1/25. ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಸೊನ್ನೆ.
3. ಫ್ರೇಮ್ ತುಂಬ ಬಿಳಿ ಬರುವಷ್ಟು ಹತ್ತಿರ ಹೋಗಿ. ಫೋಕಸ್ ಮ್ಯಾನುಯಲ್ ಮಾಡಿ, ಮಸುಕಾಗಿಯೇ ಇರಲಿ.
4. ಕ್ಯಾಮರಾದ ಬೆಳಕಿನ ಮೀಟರ್ ಸೊನ್ನೆಯಲ್ಲಿ ನಿಂತರೆ ಸ್ಕ್ರೀನ್ ಸುಮಾರು 100 ನಿಟ್ಸ್ ಇದೆ. ಪ್ಲಸ್ ಒಂದು ತೋರಿಸಿದರೆ 200, ಮೈನಸ್ ಒಂದು ತೋರಿಸಿದರೆ 50. ಸೊನ್ನೆಗೆ ಬರುವವರೆಗೆ ಮಾನಿಟರ್ ಬ್ರೈಟ್‌ನೆಸ್ ಇಳಿಸಿ.

ಇಳಿಸಿದಾಗ ಸ್ಕ್ರೀನ್ ತೀರಾ ಡಲ್ ಆಯಿತು ಅನ್ನಿಸುತ್ತದೆ. ಅನೇಕ ಮಾನಿಟರ್‌ಗಳಲ್ಲಿ ಬ್ರೈಟ್‌ನೆಸ್ ಅಂಕಿ 15ರಿಂದ 30ರ ನಡುವೆ ಬಂದು ನಿಲ್ಲುತ್ತದೆ. ಗಾಬರಿಯಾಗಿ ಮತ್ತೆ ಏರಿಸಬೇಡಿ. ಕೋಣೆಯ ಬೆಳಕು ಮಂದ ಇದ್ದರೆ ಸ್ವಲ್ಪ ಹೊತ್ತಿನಲ್ಲೇ ಕಣ್ಣು ಒಗ್ಗುತ್ತದೆ.

ಈಗ ಎರಡನೇ ಅರ್ಧ. ಪ್ರಿಂಟ್ ನೋಡುವ ಲೈಟ್ ಕೆಳಗೆ ಖಾಲಿ ಬಿಳಿ ಹಾಳೆ ಇಡಿ. ಕ್ಯಾಮರಾ ಸೆಟ್ಟಿಂಗ್ ಒಂದನ್ನೂ ಬದಲಿಸದೆ, ನೆರಳು ಬೀಳದ ಹಾಗೆ ಹಾಳೆಯನ್ನು ಫ್ರೇಮ್ ತುಂಬ ಹಿಡಿಯಿರಿ. ಇಲ್ಲೂ ಮೀಟರ್ ಸೊನ್ನೆಯ ಹತ್ತಿರ ಇರಬೇಕು. ಮೈನಸ್ ಒಂದೂವರೆ ತೋರಿಸಿದರೆ ಪ್ರಿಂಟ್ ಕಪ್ಪಾಗಿ ಕಾಣುವುದಕ್ಕೆ ಫೋಟೋದ ತಪ್ಪೇ ಬೇಕಾಗಿಲ್ಲ. ಹಾಳೆ ಮೇಲೆ ಬೀಳುವ ಬೆಳಕೇ ಸಾಲದು. ಬಿಳಿ ಹಾಳೆ 100 ನಿಟ್ಸ್‌ನಷ್ಟು ಬೆಳಗಲು ಅದರ ಮೇಲೆ ಸುಮಾರು 350 ಲಕ್ಸ್ (ಮೇಲೆ ಬೀಳುವ ಬೆಳಕಿನ ಅಳತೆ) ಬೆಳಕು ಬೀಳಬೇಕು. ಮನೆಯ ಹಾಲ್‌ನಲ್ಲಿ ಒಂದೇ ಟ್ಯೂಬ್‌ಲೈಟ್ ಕೆಳಗೆ 150 ಲಕ್ಸ್ ಕೂಡ ಇರದಿರುವುದುಂಟು.

ಹಾಗಾದರೆ ಲೈಟ್ ಹತ್ತಿರ ತನ್ನಿ ಅಥವಾ ಇನ್ನೊಂದು ಹಾಕಿ. ಅದು ಆಗದಿದ್ದರೆ ಮಾತ್ರ ಮಾನಿಟರ್ ಇಳಿಸಿ, 80ಕ್ಕಿಂತ ಕೆಳಗೆ ಬೇಡ. ಆ ಲೈಟ್ ಸ್ಕ್ರೀನ್ ಮೇಲೆ ಬೀಳದ ಹಾಗೆ ಪಕ್ಕಕ್ಕೆ ಇಡಿ.

ಕಲರಿಮೀಟರ್ ಕೊಳ್ಳಲು ಈಗ ಆಗುವುದಿಲ್ಲ ಅನ್ನುವವರು ಇಲ್ಲಿವರೆಗಿನದನ್ನಾದರೂ ಮಾಡಿ. ಬಣ್ಣ ನಿಖರವಾಗುವುದಿಲ್ಲ, ಆದರೆ ಕಪ್ಪು ಪ್ರಿಂಟ್‌ಗಳ ಕಾಟ ಬಹುಪಾಲು ಇಲ್ಲಿಗೇ ಮುಗಿಯುತ್ತದೆ.

## ಹಂತ 5: ಅಳತೆ

ಕಲರಿಮೀಟರ್‌ನ ಕೇಬಲ್ ನೇರ ಕಂಪ್ಯೂಟರ್‌ಗೆ ಚುಚ್ಚಿ, ಕರೆಂಟ್ ಸಾಲದ ಅಗ್ಗದ ಯುಎಸ್‌ಬಿ ಹಬ್ ಬೇಡ. ಸ್ಕ್ರೀನ್ ಸ್ವಲ್ಪ ಹಿಂದಕ್ಕೆ ಬಾಗಿಸಿ, ಉಪಕರಣ ಪೂರ್ತಿ ಚಪ್ಪಟೆಯಾಗಿ ಕೂರಬೇಕು. ಅಂಚಿನಲ್ಲಿ ಸಂದಿ ಇದ್ದರೆ ಹೊರಗಿನ ಬೆಳಕು ನುಗ್ಗಿ ಕಪ್ಪು ಬಣ್ಣದ ಅಳತೆ ಕೆಡುತ್ತದೆ. ಎರಡು ಮಾನಿಟರ್ ಇದ್ದರೆ ಯಾವುದನ್ನು ಅಳೆಯುತ್ತಿದ್ದೀರಿ ಅಂತ ಸಾಫ್ಟ್‌ವೇರ್‌ನಲ್ಲಿ ಸರಿಯಾಗಿ ಆರಿಸಿ.

ಸಾಫ್ಟ್‌ವೇರ್ ಕೇಳುವ ಗುರಿಗಳಿಗೆ ಹೀಗೆ ಉತ್ತರ ಕೊಡಿ:

- ವೈಟ್ ಪಾಯಿಂಟ್ (ಸ್ಕ್ರೀನ್‌ನ ಬಿಳಿಯ ಛಾಯೆ): ಡಿ65, ಅಂದರೆ ಸುಮಾರು 6500 ಕೆಲ್ವಿನ್
- ಗಾಮಾ: 2.2
- ಬ್ರೈಟ್‌ನೆಸ್: 100, ಅಥವಾ ನಾಲ್ಕನೇ ಹಂತದಲ್ಲಿ ನಿಮ್ಮ ಹಾಳೆಗೆ ಹೊಂದಿದ ಅಂಕಿ
- ಪ್ರೊಫೈಲ್ (ಈ ಮಾನಿಟರ್ ಬಣ್ಣಗಳನ್ನು ಹೇಗೆ ತೋರಿಸುತ್ತದೆ ಅಂತ ಸಾಫ್ಟ್‌ವೇರ್‌ಗಳಿಗೆ ಹೇಳುವ ಫೈಲ್): ಐಸಿಸಿ ವರ್ಷನ್ 2, ಮ್ಯಾಟ್ರಿಕ್ಸ್ ಮಾದರಿ. ವರ್ಷನ್ 4 ಕೆಲವು ಹಳೆಯ ಸಾಫ್ಟ್‌ವೇರ್‌ಗಳಲ್ಲಿ ತೊಂದರೆ ಕೊಡುತ್ತದೆ.

ಆಮೇಲೆ ಬ್ಯಾಕ್‌ಲೈಟ್ ಯಾವ ಬಗೆ ಅಂತ ಕೇಳುತ್ತದೆ. ವೈಟ್ ಎಲ್‌ಇಡಿ, ವೈಡ್ ಗಾಮಟ್ ಎಲ್‌ಇಡಿ, ಓಎಲ್‌ಇಡಿ ಹೀಗೆ. ಇದನ್ನು ಊಹಿಸಿ ಒತ್ತಬೇಡಿ. ಮಾನಿಟರ್‌ನ ವಿವರ ಹುಡುಕಿ ನೋಡಿ. ಎಸ್‌ಆರ್‌ಜಿಬಿಯಷ್ಟೇ ವ್ಯಾಪ್ತಿಯ ಮಾಮೂಲಿ ಮಾನಿಟರ್‌ಗಳು ಹೆಚ್ಚಾಗಿ ವೈಟ್ ಎಲ್‌ಇಡಿ. ಅದಕ್ಕಿಂತ ದೊಡ್ಡ ವ್ಯಾಪ್ತಿಯ ಅಡೋಬ್ ಆರ್‌ಜಿಬಿ ಅಥವಾ ಪಿ3 ಬಣ್ಣ ತೋರಿಸುವಂಥವು ವೈಡ್ ಗಾಮಟ್. ತಪ್ಪು ಆರಿಸಿದರೆ ಅಳತೆ ಎಲ್ಲ "ಪಾಸ್" ಆಗುತ್ತದೆ, ಆದರೆ ಬಿಳಿ ಬಣ್ಣ ಕಣ್ಣಿಗೆ ಗುಲಾಬಿಯೋ ಹಸಿರೋ ಆಗಿ ಕಾಣುತ್ತದೆ.

ಮುಂದೆ ಕೆಂಪು, ಹಸಿರು, ನೀಲಿ ಪಟ್ಟಿಗಳನ್ನು ತೋರಿಸಿ ಮಾನಿಟರ್ ಬಟನ್‌ನಿಂದ ಸಮ ಮಾಡಲು ಹೇಳುತ್ತದೆ. ಜಾಸ್ತಿ ಇರುವ ಬಣ್ಣವನ್ನು ಇಳಿಸಿ ಸಮ ಮಾಡಿ, ಕಡಿಮೆ ಇರುವುದನ್ನು ಏರಿಸಬೇಡಿ. ಏರಿಸಿದರೆ ತಿಳಿ ಬಣ್ಣಗಳು ಬಿಳಿಯಲ್ಲಿ ಕಳೆದುಹೋಗುವ ಅಪಾಯ ಇದೆ. ಇಲ್ಲಿ ಎಷ್ಟು ಚೆನ್ನಾಗಿ ಸಮ ಮಾಡುತ್ತೀರೋ ಅಷ್ಟು ಕಡಿಮೆ ತಿದ್ದುಪಡಿ ಗ್ರಾಫಿಕ್ಸ್ ಕಾರ್ಡ್ ಮಾಡಬೇಕಾಗುತ್ತದೆ. ಅದಕ್ಕೆ ಹೆಚ್ಚು ಕೆಲಸ ಕೊಟ್ಟರೆ ಆಕಾಶದಂಥ ನಯವಾದ ಬಣ್ಣದಲ್ಲಿ ಗೆರೆ ಗೆರೆ ಮೂಡುತ್ತದೆ. ಬಟನ್ ಕೆಲಸ ಮುಗಿಸಿ ಬ್ರೈಟ್‌ನೆಸ್ ಮತ್ತೊಮ್ಮೆ ನೋಡಿ, ಬಣ್ಣ ಇಳಿಸಿದಾಗ ಅದೂ ಸ್ವಲ್ಪ ಇಳಿದಿರುತ್ತದೆ.

ನಂತರದ ಅಳತೆ ತಾನಾಗಿ ನಡೆಯುತ್ತದೆ. ಆ ಹೊತ್ತಿನಲ್ಲಿ ಮೌಸ್ ಮುಟ್ಟಬೇಡಿ, ಸ್ಕ್ರೀನ್‌ಸೇವರ್ ಬರದ ಹಾಗೆ ನೋಡಿಕೊಳ್ಳಿ. ಕೊನೆಗೆ ಪ್ರೊಫೈಲ್‌ಗೆ ಹೆಸರು ಕೊಡುವಾಗ ಮಾನಿಟರ್ ಹೆಸರು, ನಿಟ್ಸ್, ತಾರೀಕು ಮೂರೂ ಇರಲಿ.

## ಹಂತ 6: ನಿಜವಾಗಿ ಕೂತಿದೆಯೇ ನೋಡಿ

ವಿಂಡೋಸ್‌ನಲ್ಲಿ ಕಲರ್ ಮ್ಯಾನೇಜ್‌ಮೆಂಟ್ ತೆರೆದು, ಆ ಮಾನಿಟರ್‌ಗೆ ನಿಮ್ಮ ಹೊಸ ಪ್ರೊಫೈಲೇ ಡೀಫಾಲ್ಟ್ ಆಗಿದೆಯೇ ನೋಡಿ. ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ ಮತ್ತೆ ನೋಡಿ. ಲಾಗಿನ್ ಆಗುವಾಗ ಸ್ಕ್ರೀನ್ ಬಣ್ಣ ಒಂದು ಕ್ಷಣ ಸಣ್ಣಗೆ ಬದಲಾದರೆ ಅದು ಒಳ್ಳೆಯ ಲಕ್ಷಣ, ತಿದ್ದುಪಡಿ ಲೋಡ್ ಆಯಿತು ಅಂತ ಅರ್ಥ. ಕೆಲವು ಕಂಪ್ಯೂಟರ್‌ಗಳಲ್ಲಿ ಸ್ಲೀಪ್‌ನಿಂದ ಎದ್ದ ಮೇಲೆ ಅದು ಬಿದ್ದುಹೋಗುತ್ತದೆ. ಕ್ಯಾಲಿಬ್ರೇಟರ್ ಜೊತೆ ಬಂದ ಲೋಡರ್ ಪ್ರೋಗ್ರಾಮನ್ನು ಸ್ಟಾರ್ಟಪ್‌ನಿಂದ ತೆಗೆಯಬೇಡಿ.

ಸಾಫ್ಟ್‌ವೇರ್‌ನಲ್ಲಿ ವೆರಿಫೈ ಆಯ್ಕೆ ಇದ್ದರೆ ಓಡಿಸಿ. ಅದು ಡೆಲ್ಟಾ ಇ ಅನ್ನುವ ಅಂಕಿ ಕೊಡುತ್ತದೆ, ಅಂದರೆ ಬೇಕಾದ ಬಣ್ಣಕ್ಕೂ ಬಂದ ಬಣ್ಣಕ್ಕೂ ಇರುವ ಅಂತರ. ಸರಾಸರಿ 2ಕ್ಕಿಂತ ಕಡಿಮೆ ಇದ್ದರೆ ಈ ಕೆಲಸಕ್ಕೆ ಸಾಕು. ಬೂದು ಪಟ್ಟಿಯನ್ನು ಕಣ್ಣಿನಿಂದಲೂ ನೋಡಿ. ನಡುವೆ ಎಲ್ಲೂ ಹಸಿರು ಅಥವಾ ಗುಲಾಬಿ ಛಾಯೆ ಕಾಣಬಾರದು.

ಫೋಟೋಶಾಪ್‌ನ ಕಲರ್ ಸೆಟ್ಟಿಂಗ್ಸ್‌ನಲ್ಲಿ ವರ್ಕಿಂಗ್ ಸ್ಪೇಸ್ (ಫೋಟೋ ಎಡಿಟ್ ಆಗುವ ಬಣ್ಣದ ವ್ಯಾಪ್ತಿ) ಆಗಿ ಮಾನಿಟರ್ ಪ್ರೊಫೈಲ್ ಆರಿಸಬೇಡಿ. ಇದು ತುಂಬ ಜನ ಮಾಡುವ ತಪ್ಪು. ಅಲ್ಲಿ ಎಸ್‌ಆರ್‌ಜಿಬಿ ಅಥವಾ ಅಡೋಬ್ ಆರ್‌ಜಿಬಿ ಇರಬೇಕು. ಮಾನಿಟರ್ ಪ್ರೊಫೈಲನ್ನು ಫೋಟೋಶಾಪ್ ವಿಂಡೋಸ್‌ನಿಂದ ತಾನೇ ಕೇಳಿ ತೆಗೆದುಕೊಳ್ಳುತ್ತದೆ.

## ಹಂತ 7: ಸಾಫ್ಟ್ ಪ್ರೂಫ್

ಮಾನಿಟರ್ ಸರಿಯಾಯಿತು. ಆದರೂ ಕಾಗದಕ್ಕೆ ಸ್ಕ್ರೀನ್‌ನಷ್ಟು ಶಕ್ತಿ ಇಲ್ಲ. ಸ್ಕ್ರೀನ್‌ನ ಬಿಳಿಗೂ ಕಪ್ಪಿಗೂ ಬೆಳಕಿನಲ್ಲಿ ಸುಮಾರು ಸಾವಿರ ಪಟ್ಟು ಅಂತರ. ಗ್ಲಾಸಿ ಕಾಗದದಲ್ಲಿ ಅದು 200ರ ಸುತ್ತಮುತ್ತ, ಮ್ಯಾಟ್ ಕಾಗದದಲ್ಲಿ 50ರ ಹತ್ತಿರಕ್ಕೆ ಇಳಿಯುತ್ತದೆ. ಆ ಕಾಗದದ ಮೇಲೆ ಚಿತ್ರ ಹೇಗೆ ಬರುತ್ತದೆ ಅಂತ ಮೊದಲೇ ಸ್ಕ್ರೀನ್ ಮೇಲೆ ತೋರಿಸುವುದೇ ಸಾಫ್ಟ್ ಪ್ರೂಫ್. ಇದನ್ನು ಬಿಟ್ಟು ನೇರ ಪ್ರಿಂಟ್‌ಗೆ ಹೋಗುವವರು ಕಾಗದ, ಇಂಕು ಎರಡನ್ನೂ ಸುಡುತ್ತಾರೆ.

ಮೊದಲು ಪ್ರಿಂಟರ್, ಇಂಕು, ಕಾಗದ ಈ ಮೂರಕ್ಕೆ ಸೇರಿದ ಪ್ರೊಫೈಲ್ ಬೇಕು. ಕಾಗದದ ಕಂಪನಿಗಳು ನಿಮ್ಮ ಪ್ರಿಂಟರ್ ಮಾಡೆಲ್‌ಗೆ ಕೊಡುತ್ತವೆ. ಲ್ಯಾಬ್‌ಗೆ ಕಳಿಸುವುದಾದರೆ ಲ್ಯಾಬ್‌ನವರನ್ನೇ ಕೇಳಿ.

ಫೋಟೋಶಾಪ್‌ನಲ್ಲಿ ವ್ಯೂ ಮೆನು, ಪ್ರೂಫ್ ಸೆಟಪ್, ಕಸ್ಟಮ್. ಅಲ್ಲಿ ಪ್ರೊಫೈಲ್ ಆರಿಸಿ. "ಪ್ರಿಸರ್ವ್ ಆರ್‌ಜಿಬಿ ನಂಬರ್ಸ್" ಟಿಕ್ ತೆಗೆಯಿರಿ. ರೆಂಡರಿಂಗ್ ಇಂಟೆಂಟ್ (ಕಾಗದಕ್ಕೆ ಬಾರದ ಬಣ್ಣಗಳನ್ನು ಹೇಗೆ ಹೊಂದಿಸಬೇಕು ಅನ್ನುವುದು) ರಿಲೇಟಿವ್ ಕಲರಿಮೆಟ್ರಿಕ್, ಬ್ಲ್ಯಾಕ್ ಪಾಯಿಂಟ್ ಕಾಂಪೆನ್ಸೇಷನ್ ಟಿಕ್ ಇರಲಿ. ಆಮೇಲೆ ಪರ್ಸೆಪ್ಚುಯಲ್ ಹಾಕಿಯೂ ನೋಡಿ, ಯಾವುದರಲ್ಲಿ ಚೆನ್ನಾಗಿದೆಯೋ ಅದನ್ನು ಹಿಡಿಯಿರಿ. "ಸಿಮ್ಯುಲೇಟ್ ಪೇಪರ್ ಕಲರ್" ಟಿಕ್ ಮಾಡಿದಾಗ ಚಿತ್ರ ಒಮ್ಮೆಲೇ ಮಂಕಾಗುತ್ತದೆ. ಆ ಬದಲಾವಣೆ ಆಗುವಾಗ ಕಣ್ಣು ಬೇರೆ ಕಡೆ ತಿರುಗಿಸಿ, ಸ್ವಲ್ಪ ಹೊತ್ತು ಬಿಟ್ಟು ನೋಡಿ. ಸುತ್ತಲಿನ ಮೆನುಗಳ ಬಿಳಿ ಕಾಣದ ಹಾಗೆ ಫುಲ್ ಸ್ಕ್ರೀನ್ ಮಾಡಿ. ಲೈಟ್‌ರೂಮ್ ಕ್ಲಾಸಿಕ್‌ನಲ್ಲಾದರೆ ಡೆವಲಪ್‌ಗೆ ಹೋಗಿ ಎಸ್ ಕೀ ಒತ್ತಿದರೆ ಪ್ರೂಫ್ ಬರುತ್ತದೆ.

ಒಂದು ಚಿತ್ರ ಹತ್ತಿರದಿಂದ ನೋಡೋಣ. ಮದುಮಗಳು ಕುಂಕುಮ ಕೆಂಪು ರೇಷ್ಮೆ ಸೀರೆ ಉಟ್ಟಿದ್ದಾಳೆ, ಜರಿ ಅಂಚು. ಸ್ಕ್ರೀನ್ ಮೇಲೆ ನೆರಿಗೆ ಒಂದೊಂದೂ ಕಾಣುತ್ತದೆ. ಪ್ರೂಫ್ ಹಾಕಿದ ತಕ್ಷಣ ನೆರಿಗೆಗಳು ಕೂಡಿಕೊಂಡು ಒಂದೇ ಕೆಂಪು ತುಂಡಾಗುತ್ತವೆ. ಇನ್ಫೋ ಪ್ಯಾನೆಲ್ ತೆರೆದು ನೆರಿಗೆ ಮೇಲೆ ಮೌಸ್ ಇಡಿ. ಕೆಂಪು 255ಕ್ಕೆ ಅಂಟಿಕೊಂಡಿರುತ್ತದೆ, ಹಸಿರು ಮತ್ತು ನೀಲಿ ಸೊನ್ನೆಯ ಹತ್ತಿರ. ನೆರಳು ಬೆಳಕಿನ ವ್ಯತ್ಯಾಸ ಉಳಿಯಲು ಅಲ್ಲಿ ಜಾಗವೇ ಇಲ್ಲ. ಇಂಥ ಕಡೆ ಇಡೀ ಫೋಟೋ ಬ್ರೈಟ್ ಮಾಡಿದರೆ ಇನ್ನೂ ಕೆಡುತ್ತದೆ. ಸೀರೆಯನ್ನು ಮಾತ್ರ ಸೆಲೆಕ್ಟ್ ಮಾಡಿ, ಕೆಂಪಿನ ಸ್ಯಾಚುರೇಷನ್ ಸ್ವಲ್ಪ ಸ್ವಲ್ಪವಾಗಿ ಇಳಿಸಿ. ಪ್ರೂಫ್ ಆನ್ ಇಟ್ಟುಕೊಂಡೇ ಇಳಿಸಿ. ನೆರಿಗೆ ಮತ್ತೆ ಬಿಡಿಬಿಡಿಯಾಗಿ ಕಂಡ ಕಡೆ ನಿಲ್ಲಿಸಿ. ಜರಿ ಮತ್ತು ಮುಖ ಮುಟ್ಟಬೇಡಿ. ಒಮ್ಮೆ ತಿದ್ದಿದ ಮೇಲೆ ಕೆಂಪು ಕಡಿಮೆಯಾಯಿತು ಅಂತ ಪ್ರಿಂಟ್ ನೋಡಿದ ಯಾರಿಗೂ ಅನ್ನಿಸುವುದಿಲ್ಲ. ನೆರಿಗೆ ಕಾಣುತ್ತಿದೆಯಲ್ಲ, ಅದೇ ಸೀರೆಗೆ ಕಳೆ.

ಆರತಕ್ಷತೆಯ ವೇದಿಕೆಯ ನೀಲಿ ಎಲ್‌ಇಡಿ ಲೈಟ್ ಇದಕ್ಕಿಂತ ಕಷ್ಟ. ಆ ನೀಲಿ ಯಾವ ಕಾಗದದ ಮೇಲೂ ಹಾಗೇ ಬರುವುದಿಲ್ಲ, ಮಂಕಾಗುತ್ತದೆ ಇಲ್ಲವೇ ನೇರಳೆಗೆ ತಿರುಗುತ್ತದೆ. ಪರ್ಸೆಪ್ಚುಯಲ್ ಹಾಕಿ ನೋಡಿ, ನೀಲಿಯ ಹ್ಯೂ ಸ್ವಲ್ಪ ಆಕಾಶನೀಲಿ ಕಡೆ ತಿರುಗಿಸಿ. ಅಷ್ಟಕ್ಕೇ ಒಪ್ಪಿಕೊಳ್ಳಬೇಕು. ಗ್ರಾಹಕರಿಗೆ ಇದನ್ನು ಮೊದಲೇ ಸ್ಕ್ರೀನ್ ಮೇಲೆ ಪ್ರೂಫ್ ತೋರಿಸಿ ಹೇಳಿಬಿಡಿ.

ಗಾಮಟ್ ವಾರ್ನಿಂಗ್ ಹಾಕಿದರೆ ಪ್ರಿಂಟ್ ಆಗದ ಬಣ್ಣಗಳೆಲ್ಲ ಬೂದಾಗಿ ಕಾಣುತ್ತವೆ. ಆ ಬೂದು ಪೂರ್ತಿ ಹೋಗುವವರೆಗೆ ತಿದ್ದಲು ಹೋಗಬೇಡಿ, ಚಿತ್ರ ಸೊರಗುತ್ತದೆ. ವಿವರ ಮುಖ್ಯವಾದ ಕಡೆ ಮಾತ್ರ ನೋಡಿ.

## ಹಂತ 8: ಪ್ರಿಂಟ್

ಮನೆಯ ಪ್ರಿಂಟರ್. ನಾಝಲ್ ಚೆಕ್ (ಇಂಕು ಬರುವ ತೂತುಗಳ ಪರೀಕ್ಷೆ) ಮಾಡಿ, ಒಂದು ಗೆರೆ ತುಂಡಾಗಿದ್ದರೂ ಬಣ್ಣ ಬದಲಾಗುತ್ತದೆ. ಫೋಟೋಶಾಪ್‌ನ ಪ್ರಿಂಟ್ ವಿಂಡೋದಲ್ಲಿ "ಫೋಟೋಶಾಪ್ ಮ್ಯಾನೇಜಸ್ ಕಲರ್ಸ್" ಆರಿಸಿ, ಕಾಗದದ ಪ್ರೊಫೈಲ್ ಕೊಡಿ. ಆಮೇಲೆ ಪ್ರಿಂಟರ್ ಡ್ರೈವರ್‌ಗೆ ಹೋಗಿ ಅದರ ಬಣ್ಣದ ತಿದ್ದುಪಡಿ ಆಫ್ ಮಾಡಿ. ಎಪ್ಸನ್‌ನಲ್ಲಿ "ನೋ ಕಲರ್ ಅಡ್ಜಸ್ಟ್‌ಮೆಂಟ್", ಕ್ಯಾನನ್‌ನಲ್ಲಿ ಕಲರ್ ಮ್ಯಾಚಿಂಗ್ "ನನ್" ಅಂತ ಇರುತ್ತದೆ. ಇದನ್ನು ಮರೆತರೆ ಒಂದೇ ಚಿತ್ರಕ್ಕೆ ಎರಡು ಸಲ ತಿದ್ದುಪಡಿ ಆಗುತ್ತದೆ. ಮೀಡಿಯಾ ಟೈಪ್ ಕೂಡ ಪ್ರೊಫೈಲ್ ಜೊತೆ ಬಂದ ಸೂಚನೆಯಲ್ಲಿ ಹೇಳಿದ್ದೇ ಇರಬೇಕು, ಎಷ್ಟು ಇಂಕು ಸುರಿಯಬೇಕು ಅಂತ ಅದೇ ತೀರ್ಮಾನ ಮಾಡುತ್ತದೆ.

ಟ್ಯಾಂಕ್‌ಗೆ ಬೇರೆ ಕಂಪನಿಯ ಇಂಕು ತುಂಬಿಸಿದ್ದರೆ ಕಾಗದದ ಕಂಪನಿ ಕೊಟ್ಟ ಪ್ರೊಫೈಲ್ ಕೆಲಸಕ್ಕೆ ಬಾರದು. ಆ ಇಂಕಿಗೇ ಪ್ರೊಫೈಲ್ ಮಾಡಿಸಬೇಕು. ಅದಕ್ಕೆ ಕಾಗದದ ಮೇಲಿನ ಬಣ್ಣ ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್ ಬೇಕು, ಕಲರಿಮೀಟರ್ ಸಾಲದು.

ಲ್ಯಾಬ್. ಮೂರು ಪ್ರಶ್ನೆ ಕೇಳಿ. ಫೈಲ್ ಯಾವ ಬಣ್ಣದ ಸ್ಪೇಸ್‌ನಲ್ಲಿ ಬೇಕು? ನಿಮ್ಮ ಮೆಷಿನ್ ಮತ್ತು ಕಾಗದಕ್ಕೆ ಪ್ರೊಫೈಲ್ ಕೊಡುತ್ತೀರಾ? ಆಟೋ ಕರೆಕ್ಷನ್ ಆಫ್ ಮಾಡಿ ಹಾಕುತ್ತೀರಾ? ಮೂರನೆಯದು ಬಹಳ ಮುಖ್ಯ. ಆಪರೇಟರ್ ಪ್ರತಿ ಫೋಟೋಗೂ ಡೆನ್ಸಿಟಿ (ಗಾಢತೆ) ಬದಲಿಸುತ್ತಿದ್ದರೆ ನಿಮ್ಮ ಕ್ಯಾಲಿಬ್ರೇಷನ್‌ಗೆ ಅರ್ಥವೇ ಇರುವುದಿಲ್ಲ. ಬೇರೆ ಹೇಳದಿದ್ದರೆ ಎಸ್‌ಆರ್‌ಜಿಬಿಗೆ ಕನ್ವರ್ಟ್ ಮಾಡಿ, ಪ್ರೊಫೈಲ್ ಎಂಬೆಡ್ ಮಾಡಿಯೇ ಜೆಪೆಗ್ ಕಳಿಸಿ. ಲ್ಯಾಬ್ ಕೊಟ್ಟ ಪ್ರೊಫೈಲನ್ನು ಪ್ರೂಫ್ ನೋಡಲು ಬಳಸಿ. ಅವರು ಹೇಳದೆ ಫೈಲನ್ನು ಅದಕ್ಕೆ ಕನ್ವರ್ಟ್ ಮಾಡಬೇಡಿ.

ಇಡೀ ಆಲ್ಬಮ್ ಕೊಡುವ ಮೊದಲು ಒಂದೇ ಒಂದು 12×36 ಇಂಚಿನ ಶೀಟ್ ಟೆಸ್ಟ್ ಹಾಕಿಸಿ. ಅದರಲ್ಲಿ ಆಲ್ಬಮ್‌ನ ಬೇರೆ ಬೇರೆ ಬೆಳಕಿನ ಹತ್ತು ಹನ್ನೆರಡು ತುಂಡುಗಳನ್ನು ಜೋಡಿಸಿ: ಮುಹೂರ್ತದ ಹಳದಿ ಬೆಳಕು, ಹೊರಗಿನ ಬಿಸಿಲು, ಆರತಕ್ಷತೆಯ ನೀಲಿ, ಕಪ್ಪು ಕೋಟು, ಬಿಳಿ ಪಂಚೆ. ಪಕ್ಕದಲ್ಲಿ ಬೂದು ಪಟ್ಟಿಯೂ ಇರಲಿ.

ಆಫ್‌ಸೆಟ್. ಲಗ್ನಪತ್ರಿಕೆ, ಪುಸ್ತಕದ ಮುಖಪುಟ ಇಂಥವಕ್ಕೆ ಪ್ರೆಸ್‌ನವರನ್ನು ಕೇಳದೆ ಫೈಲನ್ನು ಸಿಎಂವೈಕೆಗೆ (ಪ್ರೆಸ್‌ನ ನಾಲ್ಕು ಇಂಕಿನ ಬಣ್ಣಗಳಿಗೆ) ಕನ್ವರ್ಟ್ ಮಾಡಬೇಡಿ. ಕಾಗದ ನಯವಾದದ್ದೋ ಒರಟೋ ಅನ್ನುವುದರ ಮೇಲೆ ಪ್ರೊಫೈಲೇ ಬೇರೆ. ಒರಟು ಹ್ಯಾಂಡ್‌ಮೇಡ್ ಕಾಗದದಲ್ಲಿ ಬಣ್ಣ ಇಂಗಿ ಮಂಕಾಗುವುದು ಸಹಜ.

## ಹಂತ 9: ಹೋಲಿಸಿ ನೋಡುವುದು

ಇಂಕ್‌ಜೆಟ್ ಪ್ರಿಂಟ್ ಒಂದು ದಿನ ಒಣಗಲಿ. ಹಸಿ ಇದ್ದಾಗಿನ ಬಣ್ಣ ಆಮೇಲೆ ಬದಲಾಗುತ್ತದೆ. 5000 ಕೆಲ್ವಿನ್ ಲೈಟ್ ಕೆಳಗೆ ಪ್ರಿಂಟ್ ಇಟ್ಟು, ಸ್ಕ್ರೀನ್ ಮೇಲೆ ಪ್ರೂಫ್ ಹಾಕಿ ನೋಡಿ. ಪ್ರಿಂಟನ್ನು ಸ್ಕ್ರೀನ್‌ಗೆ ತಾಗಿಸಿ ಹಿಡಿಯಬೇಡಿ. ಒಂದನ್ನು ನೋಡಿ, ತಲೆ ತಿರುಗಿಸಿ ಇನ್ನೊಂದನ್ನು ನೋಡಿ. ಹೊಂದದಿದ್ದರೆ ಮಾನಿಟರ್ ಬಟನ್‌ಗೆ ಕೈ ಹಾಕುವ ಮುಂಚೆ ಲಕ್ಷಣ ಗುರುತಿಸಿ:

- ಇಡೀ ಪ್ರಿಂಟ್ ಒಂದೇ ಸಮ ಕಪ್ಪು, ಬಣ್ಣದ ಛಾಯೆ ಸರಿ ಇದೆ: ಬ್ರೈಟ್‌ನೆಸ್ ಅಥವಾ ಪ್ರಿಂಟ್ ಮೇಲಿನ ಬೆಳಕು. ಹಂತ 4ಕ್ಕೆ ಹೋಗಿ.
- ಮುಖಗಳು ಕೆಂಪು ಅಥವಾ ಮೆಜೆಂಟಾ, ಪ್ರಿಂಟ್ ಗಾಢ: ಎರಡು ಸಲ ತಿದ್ದುಪಡಿ ಆಗಿರಬಹುದು. ಡ್ರೈವರ್ ಸೆಟ್ಟಿಂಗ್ ನೋಡಿ.
- ಎಲ್ಲ ಬಣ್ಣ ಸಪ್ಪೆ, ಮುಖ ಪೇಲವ: ಅಡೋಬ್ ಆರ್‌ಜಿಬಿ ಫೈಲನ್ನು ಎಸ್‌ಆರ್‌ಜಿಬಿ ಅಂದುಕೊಂಡು ಪ್ರಿಂಟ್ ಹಾಕಿದ್ದಾರೆ. ಕನ್ವರ್ಟ್ ಮಾಡಿ ಮತ್ತೆ ಕಳಿಸಿ.
- ಪ್ರಿಂಟ್‌ನ ಬಿಳಿ ಸ್ಕ್ರೀನ್‌ಗಿಂತ ಹಳದಿ, ಉಳಿದದ್ದು ಸರಿ: ವೈಟ್ ಪಾಯಿಂಟ್ 6000ಕ್ಕೆ, ಬೇಕಾದರೆ 5800ಕ್ಕೆ ಇಳಿಸಿ ಹಂತ 5 ಮತ್ತೆ ಮಾಡಿ. ಇದನ್ನು ಬ್ರೈಟ್‌ನೆಸ್ ಹೊಂದಿಸಿದ ಮೇಲಷ್ಟೇ ಮಾಡಿ.
- ಹೊರಗೆ ಬಿಸಿಲಲ್ಲಿ ಕಾಗದ ನೀಲಿ, ಒಳಗೆ ಹಳದಿ: ಕಾಗದದಲ್ಲಿ ಬಿಳುಪು ಹೆಚ್ಚಿಸುವ ರಾಸಾಯನಿಕ ಇದೆ. ಮಾನಿಟರ್‌ಗೆ ಸಂಬಂಧ ಇಲ್ಲ.
- ಕಪ್ಪು ಬಿಳುಪು ಚಿತ್ರದಲ್ಲಿ ಹಸಿರು ಛಾಯೆ: ನಾಝಲ್, ಇಂಕು, ಇಲ್ಲವೇ ತಪ್ಪು ಮೀಡಿಯಾ ಟೈಪ್.

ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ. ಪ್ರಿಂಟ್ ಹಿಂದೆ ಪೆನ್ಸಿಲ್‌ನಲ್ಲಿ ಕಾಗದ, ಪ್ರೊಫೈಲ್, ತಾರೀಕು ಬರೆದಿಡಿ.

## ಮತ್ತೆ ಯಾವಾಗ ಮಾಡಬೇಕು

ತಿಂಗಳಿಗೊಮ್ಮೆ ಐದು ಮತ್ತು ಆರನೇ ಹಂತ ಸಾಕು. ದೊಡ್ಡ ಆಲ್ಬಮ್ ಕೆಲಸ ಶುರು ಮಾಡುವ ಮುಂಚೆ ಒಮ್ಮೆ ಮಾಡಿದರೆ ಇನ್ನೂ ಒಳ್ಳೆಯದು. ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಆದರೆ, ಮಾನಿಟರ್ ಮೆನು ಯಾರಾದರೂ ಮುಟ್ಟಿದರೆ, ಜಾಗ ಬದಲಿಸಿದರೆ ತಿಂಗಳು ಕಾಯಬೇಡಿ.

ಕಲರಿಮೀಟರನ್ನು ಮೇಜಿನ ಮೇಲೆ ಬಿಡಬೇಡಿ. ಹಳೆಯ ಮಾಡೆಲ್‌ಗಳ ಒಳಗಿನ ಬಣ್ಣದ ಫಿಲ್ಟರ್ ವರ್ಷ ಕಳೆದಂತೆ ಮಾಸುತ್ತದೆ. ಮಂಗಳೂರು, ಉಡುಪಿ, ಕಾರವಾರದ ಕಡೆ ಗಾಳಿಯಲ್ಲಿ ತೇವ ಜಾಸ್ತಿ. ಲೆನ್ಸ್ ಇಡುವ ಡ್ರೈ ಬಾಕ್ಸ್‌ನಲ್ಲೋ, ಸಿಲಿಕಾ ಜೆಲ್ ಹಾಕಿದ ಗಟ್ಟಿ ಮುಚ್ಚಳದ ಡಬ್ಬಿಯಲ್ಲೋ ಇಡಿ.

ಹೊಸ ಕಾಗದ ತಂದರೆ ಅಥವಾ ಲ್ಯಾಬ್ ಬದಲಿಸಿದರೆ ಮಾನಿಟರ್ ಮುಟ್ಟುವ ಅಗತ್ಯ ಇಲ್ಲ. ಹೊಸ ಪ್ರೊಫೈಲ್ ತರಿಸಿಕೊಂಡು ಏಳನೇ ಹಂತದಿಂದ ಶುರು ಮಾಡಿ.